ಆರರ ಬೋಲ್ಟ್ ಎಂಟಾದಾಗ

ಕಳೆದ ಮಳೆಗಾಲದಲ್ಲಿ ಪುಣೆಯ ಒಂದು ಸರ್ವಿಸ್ ಸೆಂಟರಿನವರು ನನ್ನ ಹಳೆಯ ಬೈಕಿನ ಕ್ಲಚ್ ಕವರ್ ಬಿಚ್ಚಿ ಮತ್ತೆ ಕೂರಿಸಿಕೊಟ್ಟರು. ವಾರ ಕಳೆಯುವುದರೊಳಗೆ ಎಣ್ಣೆ ಜಿನುಗತೊಡಗಿತು. ಜಿನುಗುವ ಕಡೆಯ ಬೋಲ್ಟಿಗೆ ನಾನೇ ಸ್ಪ್ಯಾನರ್ ಹಾಕಿದೆ. ಬಿಗಿಯಾಗಬೇಕಾದ ಹೊತ್ತಿಗೆ ಅದು ಬೆಣ್ಣೆಯಲ್ಲಿ ನಿಂತ ಚಮಚದಂತೆ ಸುಮ್ಮನೆ ತಿರುಗಿತು. ಹೊರಗೆಳೆದರೆ ಬೋಲ್ಟಿನ ಮೈಗೆ ಬೆಳ್ಳಗಿನ ಅಲ್ಯೂಮಿನಿಯಂ ಎಳೆ ಸುತ್ತಿಕೊಂಡು ಬಂತು. ಎಂಜಿನ್ನಿನ ತೂತಿನ ಒಳಗೆ ಬೋಲ್ಟನ್ನು ಕಚ್ಚಿ ಹಿಡಿದಿರಬೇಕಾಗಿದ್ದ ಥ್ರೆಡ್, ಅಂದರೆ ತಿರುಪಿನ ಗೆರೆ, ಅದು. ಇಲ್ಲಿಯ ಮೆಕ್ಯಾನಿಕ್‌ಗಳು ಇದಕ್ಕೆ ‘ಆಟೆ ಗೇಲೆ’, ಥ್ರೆಡ್ ಹೋಯಿತು, ಎನ್ನುತ್ತಾರೆ.

ಸರ್ವಿಸ್ ಸೆಂಟರಿನವರು ನೋಡಿ, ಎಂಜಿನ್ನಿನ ಹೊರಕವಚವಾದ ಕ್ರ್ಯಾಂಕ್‌ಕೇಸನ್ನೇ ಬದಲಿಸಬೇಕು ಎಂದರು. ಒಂದು ಬೋಲ್ಟಿಗಾಗಿ ಇಡೀ ಎಂಜಿನ್ ಬಿಚ್ಚುವ ಮಾತು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದು ಎಂದರೆ ಇದೇ.

ಹುಬ್ಬಳ್ಳಿಗೆ ಫೋನ್ ಮಾಡಿದೆ. ಗೋಕುಲ ರಸ್ತೆಯಲ್ಲಿ ಸೋದರಮಾವನ ಗ್ಯಾರೇಜ್ ಇದೆ. ನನ್ನ ಮಾತು ಮುಗಿಯುವ ಮೊದಲೇ ಮಾವ ತೀರ್ಪು ಕೊಟ್ಟ: “ಆರರದು ಹೋಯಿತೇ? ಎಂಟು ಮಾಡು.” ಆರು, ಎಂಟು ಎಂದರೆ ಮಿಲಿಮೀಟರಿನಲ್ಲಿ ಬೋಲ್ಟಿನ ದಪ್ಪ. ಅಂದರೆ 6.8 ಮಿಲಿಮೀಟರ್ ಡ್ರಿಲ್ ಹೊಡೆದು, ಎಂಟರ ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ) ಹಾಕಿ, ಕವರಿನ ತೂತನ್ನೂ ದೊಡ್ಡದು ಮಾಡಿ, ಎಂಟರ ಬೋಲ್ಟ್ ಬಿಗಿದುಬಿಡುವುದು. ಅರ್ಧ ಗಂಟೆಯ ಕೆಲಸ.

ಇದನ್ನು ಕೇಳಿ ಇಲ್ಲಿಯ ಗೆಳೆಯರು ‘ಜುಗಾಡ್’ ಎಂದು ನಕ್ಕರು. ಆ ನಗೆ ನನಗೆ ಹಿಡಿಸಲಿಲ್ಲ. ಮಾವ ಕೆಲಸ ಕಲಿತದ್ದು ಟ್ರ್ಯಾಕ್ಟರ್ ಎಂಜಿನ್‌ಗಳ ಮೇಲೆ. ಎರಕದ ಕಬ್ಬಿಣದ ಬ್ಲಾಕ್, ತೂತಿನ ಸುತ್ತ ಬೆರಳು ದಪ್ಪದ ಗೋಡೆ. ಹತ್ತರ ಬೋಲ್ಟನ್ನು ಹನ್ನೆರಡು ಮಾಡಿದರೆ ಅಲ್ಲಿ ಏನೂ ಆಗುವುದಿಲ್ಲ. ಬಿತ್ತನೆಯ ಹೊತ್ತಿನಲ್ಲಿ ಹೊರಗೆ ರೈತ ಕಾದು ಕುಳಿತಿರುವಾಗ ಅದಕ್ಕಿಂತ ಸರಿಯಾದ ದಾರಿಯೂ ಇರಲಿಲ್ಲ. ತಪ್ಪಿದ್ದು ಆಮೇಲೆ: ಲೋಹ ಬದಲಾಯಿತು, ಕೈಯ ರೂಢಿ ಬದಲಾಗಲಿಲ್ಲ. ಬೈಕಿನ ಅಲ್ಯೂಮಿನಿಯಂ ಕೇಸಿನಲ್ಲಿ ತೂತಿನ ಸುತ್ತಲಿನ ಗೋಡೆ ತೆಳು. ಅಲ್ಲಿ ಎಂಟು ಹಾಕಿದರೆ ಇನ್ನೂ ತೆಳುವಾಗುತ್ತದೆ. ಮುಂದೊಂದು ದಿನ ಇನ್ನಾರೋ ಅದನ್ನು ಎಂಟರ ಬೋಲ್ಟೆಂದೇ ತಿಳಿದು ಎಂಟರ ಬಲ ಹಾಕಿ ಬಿಗಿದರೆ ಗೋಡೆಯೇ ಬಿರಿಯುತ್ತದೆ.

ಕೊನೆಗೆ ಪುಣೆಯ ಕಾರ್ಖಾನೆಗಳ ಪ್ರದೇಶವಾದ ಭೋಸರಿಗೆ ಹೋದೆ. ಶೆಡ್ಡಿನಲ್ಲಿದ್ದವನು ನನ್ನ ಮರಾಠಿ ಕೇಳಿ, “ಅಣ್ಣಾ, ನಿಮ್ಮದು ಯಾವ ಊರು?” ಎಂದು ಕನ್ನಡದಲ್ಲೇ ವಿಚಾರಿಸಿದ. ಅವನದು ವಿಜಯಪುರ ಜಿಲ್ಲೆಯ ಇಂಡಿ. ಅವನು ಹಾಕಿದ್ದು ಹೆಲಿಕಾಯಿಲ್, ಅಂದರೆ ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಪುಟ್ಟ ಸುರುಳಿ. ತೂತಿನೊಳಗೆ ಕೂತ ಮೇಲೆ ಅದರ ಒಳಮೈಯೇ ಬೋಲ್ಟಿಗೆ ಹೊಸ ಥ್ರೆಡ್. ಮೊದಲು 6.3ರ ಡ್ರಿಲ್ಲಿಗೆ ಗ್ರೀಸ್ ಮೆತ್ತಿ, ಕೆಟ್ಟ ಥ್ರೆಡ್ಡನ್ನು ಕೆರೆದು ತೆಗೆದ. ಚೂರುಗಳು ಎಂಜಿನ್ನಿಗೆ ಬೀಳದೆ ಗ್ರೀಸಿಗೇ ಅಂಟಿಕೊಂಡವು. ಆಮೇಲೆ ಆ ಸುರುಳಿಗೆಂದೇ ಇರುವ ಟ್ಯಾಪ್. ಎರಡು ತೊಟ್ಟು ಸೀಮೆಎಣ್ಣೆ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಅವಸರವೇ ಇಲ್ಲ. ಸುರುಳಿಯನ್ನು ತಿರುಗಿಸಿ ಒಳಗಿಳಿಸಿ, ಮೇಲ್ಮೈಗಿಂತ ಅರ್ಧ ಸುತ್ತು ಕೆಳಗೆ ನಿಲ್ಲಿಸಿದ. ಸುರುಳಿಯ ಬುಡದಲ್ಲಿ ಅಡ್ಡಕ್ಕೆ ಒಂದು ಸಣ್ಣ ಕೊಂಡಿ ಇರುತ್ತದೆ, ಒಳಗಿಳಿಸಲು ಹಿಡಿತ ಕೊಡುವುದು ಅದೇ. ಪಂಚ್ ಇಟ್ಟು ಟಕ್ಕೆಂದು ಅದನ್ನು ಮುರಿದ. ಮುರಿದ ತುಣುಕನ್ನು ಚಿಮಟಿಗೆಯಿಂದ ಎತ್ತಿ ನನ್ನ ಅಂಗೈಯಲ್ಲಿಟ್ಟ. “ಇದು ನಿಮ್ಮ ಕೈಯಲ್ಲಿದೆ, ಎಂಜಿನ್ನಿನಲ್ಲಿ ಇಲ್ಲ. ನೋಡಿಕೊಳ್ಳಿ,” ಎಂದ.

ಥ್ರೆಡ್ಡಿನ ಗೆರೆಗಳ ಆಳವನ್ನೂ ಸೇರಿಸಿದರೆ ಇಲ್ಲಿ ಲೋಹ ತೆಗೆದದ್ದು ಸುಮಾರು 7.3 ಮಿಲಿಮೀಟರ್ ಅಗಲಕ್ಕೆ. ಎಂಟು ಮಾಡಿದ್ದರೆ ಪೂರಾ ಎಂಟು. ಬೋಲ್ಟ್ ಆರರದೇ ಉಳಿಯಿತು, ಕವರ್ ಮುಟ್ಟಲಿಲ್ಲ. ಸುರುಳಿಯ ಹೊರಮೈ ದೊಡ್ಡದಾದ್ದರಿಂದ ಅಲ್ಯೂಮಿನಿಯಮ್ಮಿನ ಹಿಡಿತವೂ ಮೊದಲಿಗಿಂತ ಹೆಚ್ಚು. ವಿಮಾನಗಳ ಅಲ್ಯೂಮಿನಿಯಂ ಭಾಗಗಳಿಗೆ ಹೊಸದರಲ್ಲೇ ಇಂಥ ಸುರುಳಿ ಹಾಕುತ್ತಾರೆ.

ಹಾಗೆಂದು ಪುಣೆಗೆ ಶಭಾಷ್ ಎನ್ನಲಾರೆ. ಥ್ರೆಡ್ ಕೆಡಿಸಿದ್ದೂ ಇದೇ ಪುಣೆ, ಗಾಳಿಯ ಒತ್ತಡದಿಂದ ಬೋಲ್ಟ್ ಬಿಗಿಯುವ ಏರ್ ಗನ್ ಹಿಡಿದು. ಆರರ ಬೋಲ್ಟಿಗೆ ಬೇಕಾದದ್ದು ಹತ್ತು ನ್ಯೂಟನ್ ಮೀಟರಿನಷ್ಟು ಬಿಗಿತ. ಬೋಲ್ಟಿನಿಂದ ಹತ್ತು ಸೆಂಟಿಮೀಟರ್ ಆಚೆ, ಸ್ಪ್ಯಾನರಿಗೆ ಹತ್ತು ಕಿಲೋ ಅಕ್ಕಿಯ ಚೀಲ ತೂಗುಹಾಕಿದಷ್ಟು, ಅಷ್ಟೇ. ಮಾವನಿಗೆ ನ್ಯೂಟನ್ ಗೊತ್ತಿಲ್ಲ. ಆದರೆ ಆರರ ಬೋಲ್ಟಿಗೆ ಸ್ಪ್ಯಾನರಿನ ಕುತ್ತಿಗೆ ಹಿಡಿಯುತ್ತಾನೆಯೇ ಹೊರತು ಬಾಲ ಹಿಡಿಯುವುದಿಲ್ಲ. ಬಾಲ ಹಿಡಿದ ಹುಡುಗರ ಕೈಗೆ ಹೊಡೆದದ್ದನ್ನೂ ನೋಡಿದ್ದೇನೆ. ಭೋಸರಿಯ ಹೆಚ್ಚುಗಾರಿಕೆ ಕೈಯದಲ್ಲ, ಕೈ ನಮ್ಮ ಇಂಡಿಯದೇ. ಆ ಸುರುಳಿ, ಆ ಟ್ಯಾಪ್ ಬಿಡಿಬಿಡಿಯಾಗಿ ಪಕ್ಕದ ಗಲ್ಲಿಯಲ್ಲೇ ಸಿಗುತ್ತವೆ, ಅದು ಹೆಚ್ಚುಗಾರಿಕೆ. ಸುತ್ತ ಅಷ್ಟು ಕಾರ್ಖಾನೆಗಳಿರುವಾಗ ಸಿಗದೆ ಇನ್ನೇನು?

ಇದನ್ನೆಲ್ಲ ಮಾವನಿಗೆ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಹಬ್ಬಕ್ಕೆ ಬರುವಾಗ ಆರರ ಸೆಟ್ ಒಂದು ತೆಗೆದುಕೊಂಡು ಬಾ,” ಎಂದ. ಫೋನ್ ಇಡುವ ಮೊದಲು ಮತ್ತೆ ಕರೆದ: “ಎಂಟರದನ್ನೂ ತಾ. ನಾನು ಎಂಟು ಮಾಡಿ ಕಳಿಸಿದ ಗಾಡಿಗಳಿವೆಯಲ್ಲ.”