ಅಕ್ಕಿ ಎರಚದಿದ್ದರೂ ಹುಚ್ಚು ಹುಚ್ಚೇ

‘ರಾಕಿ ಹಾರರ್ ಪಿಕ್ಚರ್ ಶೋ’ ಎಂಬ ಇಂಗ್ಲಿಷಿನ ಹಾಡುಗಳ ಸಿನಿಮಾ ನೋಡುವವರು ಥಿಯೇಟರಿನಲ್ಲೇ ಮದುವೆ ದೃಶ್ಯಕ್ಕೆ ಅಕ್ಕಿ ಎರಚುತ್ತಾರೆ, ತೆರೆಯ ಮೇಲೆ ಮಳೆ ಬಂದರೆ ತಲೆ ಮೇಲೆ ಪೇಪರ್ ಹಿಡಿಯುತ್ತಾರೆ, ಅಂಥ ಹುಚ್ಚು ನಮ್ಮಲ್ಲಿಲ್ಲ ಎಂದು ಲೇಖಕರೊಬ್ಬರು ಬರೆದಿದ್ದಾರೆ. ನಾನು ಒಪ್ಪುವುದಿಲ್ಲ. ಆ ಸಿನಿಮಾ 1975ರಲ್ಲಿ ಬಂದಾಗ ಓಡಲಿಲ್ಲ. ಮರುವರ್ಷ ನ್ಯೂಯಾರ್ಕಿನ ವೇವರ್ಲಿ ಥಿಯೇಟರಿನಲ್ಲಿ ಮಧ್ಯರಾತ್ರಿ ಶೋ ಶುರುವಾದ ಮೇಲೇ ಅದಕ್ಕೆ ಜೀವ ಬಂತು. ನಮ್ಮ ‘ಪ್ರೇಮಲೋಕ’ 1987ರಲ್ಲಿ ಬಂದಾಗಲೇ ಗೆದ್ದಿತು, ಅಷ್ಟೇ ವ್ಯತ್ಯಾಸ. ಮಾತಲ್ಲಿ ಹೇಳಬೇಕಾದ್ದನ್ನೂ ಹಂಸಲೇಖ ಹಾಡಲ್ಲೇ ಹೇಳಿಸಿಬಿಟ್ಟರು.

ಮಲ್ಲೇಶ್ವರದ ನಮ್ಮ ಬೀದಿಯ ಗಣೇಶನ ಆರ್ಕೆಸ್ಟ್ರಾದಲ್ಲಿ ಹೋದ ವರ್ಷ ಗಾಯಕ ‘ಪ್ರೇಮಲೋಕ’ದ್ದೇ ಒಂದು ಹಾಡಿನ ಸಾಲು ಮರೆತ. ಹಿಂದಿನ ಕುರ್ಚಿಯಿಂದ ಅರವತ್ತು ದಾಟಿದ ಆಂಟಿಯೊಬ್ಬರು ಎದ್ದು ಪೂರ್ತಿ ಹಾಡಿ ಮುಗಿಸಿದರು. ನಡುವಿನ ಮ್ಯೂಸಿಕ್ಕನ್ನೂ ಬಾಯಲ್ಲೇ ನುಡಿಸಿದರು! ನಮ್ಮಮ್ಮ ಆ ಕ್ಯಾಸೆಟ್ ಎರಡು ಸಲ ಕೊಂಡಿದ್ದರು. ಮೊದಲನೆಯದರ ಟೇಪ್ ಸವೆದೇ ಹೋಗಿತ್ತು.

ಅಕ್ಕಿ ಮಾತ್ರ ಬೇಡ. ಪಾಪ, ಗುಡಿಸುವವರ ಗತಿ ಏನು? ಆದರೆ ಈಗ ಮಾಲ್‌ನಲ್ಲಿ ಹಳೆ ಸಿನಿಮಾ ಮತ್ತೆ ಬಂದಾಗ ಜೊತೆಗೆ ಸ್ವಲ್ಪ ಗುನುಗಿದರೂ ಪಕ್ಕದವರು ದುರುಗುಟ್ಟಿ ನೋಡುತ್ತಾರೆ. ಕೆ.ಜಿ. ರಸ್ತೆಯ ಹಳೆ ಟಾಕೀಸುಗಳಲ್ಲಿ ಸುಮ್ನೆ ಕೂತವರನ್ನೇ ಹಾಗೆ ನೋಡುತ್ತಿದ್ದರು, ಅಲ್ವಾ?