ಆಸ್ಪತ್ರೆಗೇ ಹೋಗದವರ ಲೆಕ್ಕ

ಆರೋಗ್ಯದ ಅರ್ಥಶಾಸ್ತ್ರ ಅಂದರೆ ವಿಮೆ, ಪ್ರೀಮಿಯಂ, ಔಷಧಿ ಬೆಲೆ ಇಷ್ಟೇ ಅಂದುಕೊಂಡವರೇ ಜಾಸ್ತಿ. ಆದರೆ ಈ ಕ್ಷೇತ್ರದಲ್ಲಿ ಕೆಲವರು ಬದುಕಿನುದ್ದಕ್ಕೂ ಬೇರೆಯದೇ ಪ್ರಶ್ನೆಗಳ ಹಿಂದೆ ಬಿದ್ದವರಿದ್ದಾರೆ. ಕಾಯಿಲೆ ಯಾರನ್ನು ಹೆಚ್ಚು ಕಾಡುತ್ತದೆ? ಚಿಕಿತ್ಸೆ ಯಾರಿಗೆ ಸಿಗುತ್ತದೆ? ಅದರ ದುಡ್ಡು ಯಾರ ಜೇಬಿನಿಂದ ಹೋಗುತ್ತದೆ? ಅಂಥವರಲ್ಲಿ ನಾನು ತುಂಬಾ ಗೌರವಿಸುವುದು ಆಡಮ್ ವ್ಯಾಗ್‌ಸ್ಟಾಫ್ ಅವರನ್ನು. ಬ್ರಿಟಿಷ್ ಅರ್ಥಶಾಸ್ತ್ರಜ್ಞ. ಬಹಳ ವರ್ಷ ವಿಶ್ವಬ್ಯಾಂಕಿನಲ್ಲಿ ಸಂಶೋಧನೆ ಮಾಡಿದರು. 2020ರಲ್ಲಿ ತೀರಿಕೊಂಡರು.

ಅವರಲ್ಲಿ ನನಗೆ ಹಿಡಿಸಿದ್ದು ಅಳತೆಯ ವಿಷಯದಲ್ಲಿ ಅವರಿಗಿದ್ದ ಹಟ. 1991ರಲ್ಲಿ ಪಿಯೆರೆಲ್ಲಾ ಪಾಚಿ ಮತ್ತು ಎಡ್ಡಿ ವಾನ್ ಡೋರ್ಸ್‌ಲಾರ್ ಜೊತೆ ಸೇರಿ ಅವರೊಂದು ಪ್ರಬಂಧ ಬರೆದರು. ಆರೋಗ್ಯದ ಅಸಮಾನತೆಯನ್ನು ಅಳೆಯಲು ಆಗ ಬಳಕೆಯಲ್ಲಿದ್ದ ವಿಧಾನಗಳನ್ನು ಒಂದೊಂದಾಗಿ ಹಿಡಿದು ಪರೀಕ್ಷಿಸಿದರು. ತೀರಾ ಬಡವರನ್ನೂ ತೀರಾ ಶ್ರೀಮಂತರನ್ನೂ ಮಾತ್ರ ಹೋಲಿಸಿದರೆ ನಡುವಿನವರು ಕಾಣೆಯಾಗುತ್ತಾರೆ. ಹಂಚಿಕೆ ಎಷ್ಟು ಅಸಮ ಅಂತ ಒಂದೇ ಅಂಕಿಯಲ್ಲಿ ಹೇಳುವ ಗಿನಿ ಸೂಚ್ಯಂಕ ಎಲ್ಲರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ನಿಜ. ಆದರೆ ಕಾಯಿಲೆ ಬಿದ್ದವರು ಬಡವರೋ ಶ್ರೀಮಂತರೋ ಅಂತ ಅದು ವಿಚಾರಿಸುವುದೇ ಇಲ್ಲ. ನಮಗೆ ಮುಖ್ಯವಾಗಿ ಬೇಕಾಗಿರುವುದೇ ಅದಲ್ವಾ?

ಅವರು ಒಪ್ಪಿದ ಎರಡು ವಿಧಾನಗಳಲ್ಲಿ ಒಂದು ಕಾನ್ಸಂಟ್ರೇಶನ್ ಇಂಡೆಕ್ಸ್. ಹೆಸರು ಕೇಳಿ ಹೆದರಬೇಡಿ, ಲೆಕ್ಕ ಸರಳವಾಗಿದೆ. ಜನರನ್ನೆಲ್ಲ ಕಡು ಬಡವರಿಂದ ಶುರು ಮಾಡಿ ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿದ್ದೇವೆ ಅಂದುಕೊಳ್ಳಿ. ಆಗಿರುವ ಮಕ್ಕಳ ಸಾವಿನಲ್ಲಿ ಸಾಲಿನ ಮೊದಲ 20% ಜನರ ಪಾಲೆಷ್ಟು, ಮೊದಲ 40% ಜನರ ಪಾಲೆಷ್ಟು, ಹೀಗೆ ಕೂಡಿಸುತ್ತಾ ಹೋಗಬೇಕು. ಉದ್ದಕ್ಕೂ 20%ಗೆ 20%, 40%ಗೆ 40% ಬಂದರೆ ಅಂತರವಿಲ್ಲ, ಉತ್ತರ ಸೊನ್ನೆ. ಸಾವು ಬಡವರ ಕಡೆ ಹೆಚ್ಚಿದಷ್ಟೂ ಉತ್ತರ ಸೊನ್ನೆಯಿಂದ ಕೆಳಗೆ, ಮೈನಸ್ ಒಂದರ ಕಡೆಗೆ ಜಾರುತ್ತದೆ. 2000ದಲ್ಲಿ ವ್ಯಾಗ್‌ಸ್ಟಾಫ್ ಇದೇ ಅಳತೆಯಲ್ಲಿ ಒಂಬತ್ತು ದೇಶಗಳ ಮಕ್ಕಳ ಸಾವನ್ನು ಹೋಲಿಸಿದರು. ಒಟ್ಟಾರೆ ಹೊರೆ ಬಡವರ ಮೇಲೇ ಇತ್ತು. ಆದರೆ ಅಂತರ ಎಲ್ಲ ಕಡೆ ಒಂದೇ ಇರಲಿಲ್ಲ, ಬ್ರೆಜಿಲ್‌ನಲ್ಲಿ ತೀರಾ ದೊಡ್ಡದಿತ್ತು. ನನಗೆ ಇದು ಬಹಳ ಮುಖ್ಯ ಅನ್ನಿಸುತ್ತದೆ. ದೇಶದಿಂದ ದೇಶಕ್ಕೆ ಅಂತರ ಇಷ್ಟು ಬದಲಾಗುತ್ತದೆ ಅಂದಮೇಲೆ ಅದನ್ನು ಹಣೆಬರಹ ಅಂತ ಬಿಟ್ಟುಬಿಡಲು ಆಗುವುದಿಲ್ಲ.

ಅವರ ಇನ್ನೊಂದು ದೊಡ್ಡ ಕೆಲಸ ಜೇಬಿನಿಂದ ಕೊಡುವ ದುಡ್ಡಿನ ಬಗ್ಗೆ. ಮನೆಯ ಒಟ್ಟು ಖರ್ಚಿನಲ್ಲಿ ಇಂತಿಷ್ಟಕ್ಕಿಂತ ಹೆಚ್ಚು ಪಾಲನ್ನು ಚಿಕಿತ್ಸೆಯೇ ನುಂಗಿದರೆ ಆ ಮನೆ ಅಪಾಯದಲ್ಲಿದೆ ಅಂತ ಎಣಿಸುವ ಕ್ರಮ. 2003ರಲ್ಲಿ ವಿಯೆಟ್ನಾಮಿನ ಅಂಕಿಅಂಶ ಇಟ್ಟುಕೊಂಡು ಅವರು ಮತ್ತು ವಾನ್ ಡೋರ್ಸ್‌ಲಾರ್ ಇದನ್ನು ವಿವರಿಸಿದರು. ಮುಂದೆ ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲೂ ಇಂಥದೇ ಅಳತೆ ಬಂತು, 10% ಮತ್ತು 25%ರ ಗೆರೆಗಳೊಂದಿಗೆ. 133 ದೇಶಗಳ ಬಗ್ಗೆ ವ್ಯಾಗ್‌ಸ್ಟಾಫ್ ತಂಡ 2018ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, 2010ರಲ್ಲಿ 10%ರ ಗೆರೆ ದಾಟಿದವರು ಜಗತ್ತಿನಲ್ಲಿ ಸುಮಾರು 80.8 ಕೋಟಿ ಜನ. ಅದಕ್ಕೂ ಮೊದಲು, 2006ರಲ್ಲಿ, ವಾನ್ ಡೋರ್ಸ್‌ಲಾರ್ ಮತ್ತವರ ಸಂಗಡಿಗರು ಏಷ್ಯಾದ 11 ದೇಶಗಳ ಲೆಕ್ಕ ತೆಗೆದಿದ್ದರು. ಚಿಕಿತ್ಸೆಗೆ ಕೊಟ್ಟ ದುಡ್ಡನ್ನು ಕಳೆದು ನೋಡಿದರೆ ದಿನಕ್ಕೆ ಒಂದು ಡಾಲರ್‌ನ ಬಡತನ ರೇಖೆಯ ಕೆಳಗೆ ಇನ್ನೂ 7.8 ಕೋಟಿ ಜನ ಸೇರುತ್ತಿದ್ದರು. ಅದುವರೆಗಿನ ಬಡತನದ ಅಂಕಿಗಳಲ್ಲಿ ಇವರು ಎಲ್ಲೂ ಇರಲಿಲ್ಲ.

ಇಷ್ಟೆಲ್ಲ ಮೆಚ್ಚಿಕೊಂಡೂ ಈ ಅಳತೆಯನ್ನು ಸರ್ಕಾರಗಳು ಬಳಸುವ ರೀತಿಯ ಬಗ್ಗೆ ನನಗೆ ಗಟ್ಟಿಯಾದ ತಕರಾರಿದೆ. ಇದು ದುಡ್ಡು ಕೊಟ್ಟವರನ್ನು ಮಾತ್ರ ಎಣಿಸುತ್ತದೆ. ದುಡ್ಡಿಲ್ಲ ಅಂತ ನೋವು ನುಂಗಿಕೊಂಡು ಮನೆಯಲ್ಲೇ ಉಳಿದವರ ಚಿಕಿತ್ಸೆಯ ಖರ್ಚು ಸೊನ್ನೆ. ಹಾಗಾಗಿ ಅವರು ಯಾವ ಗೆರೆಯನ್ನೂ ದಾಟುವುದಿಲ್ಲ. ಆರೋಗ್ಯವಾಗಿದ್ದು ಖರ್ಚು ಮಾಡದವರೂ, ಗತಿಯಿಲ್ಲದೆ ಖರ್ಚು ಮಾಡದವರೂ ಒಂದೇ ಸೊನ್ನೆಯೊಳಗೆ ಸೇರಿಬಿಡುತ್ತಾರೆ. ಡಾಕ್ಟರೇ ಸಿಗದ ಜಿಲ್ಲೆಯೊಂದು ಕಾಗದದ ಮೇಲೆ ಚೆನ್ನಾಗಿಯೇ ಕಾಣಬಹುದು. ಈ ಮಿತಿ ಸಂಶೋಧಕರಿಗೆ ಗೊತ್ತು, ಅವರೇ ಬರೆದಿದ್ದಾರೆ ಕೂಡ. ವರದಿ ಪತ್ರಿಕಾಗೋಷ್ಠಿಗೆ ಬರುವ ಹೊತ್ತಿಗೆ ಆ ಸಾಲು ಉದುರಿಹೋಗಿರುತ್ತದೆ.

ಹಾಗಾದರೆ ಜನರನ್ನೇ ಕೇಳಿ ತಿಳಿಯಬಹುದಲ್ಲ ಅಂದರೆ, ಅಲ್ಲೂ ತೊಡಕಿದೆ. 2002ರಲ್ಲಿ ಅಮರ್ತ್ಯ ಸೇನ್ ಇದನ್ನು ತೋರಿಸಿದರು. ಆಗ ಭಾರತದಲ್ಲಿ ಜನ ಹೆಚ್ಚು ಕಾಲ ಬಾಳುತ್ತಿದ್ದ ರಾಜ್ಯ ಕೇರಳ. ಕಾಯಿಲೆ ಇದೆ ಅಂತ ಹೆಚ್ಚು ಹೇಳಿಕೊಳ್ಳುತ್ತಿದ್ದವರೂ ಅಲ್ಲಿನವರೇ. ಆಯಸ್ಸು ಕಡಿಮೆ ಇದ್ದ ಬಿಹಾರದಲ್ಲಿ ಜನ ಹೇಳಿಕೊಳ್ಳುತ್ತಿದ್ದ ಕಾಯಿಲೆಯೂ ಕಡಿಮೆ. ಓದು ಬರಹ ಬಲ್ಲವರು, ಹತ್ತಿರದಲ್ಲೇ ಆಸ್ಪತ್ರೆ ಇರುವವರು ತಮ್ಮ ಮೈಯ ತೊಂದರೆಯನ್ನು ಬೇಗ ಗುರುತಿಸುತ್ತಾರೆ. ಚಿಕಿತ್ಸೆಯನ್ನೇ ಕಾಣದವರು ಸುಸ್ತು, ಕೆಮ್ಮು, ಕೀಲುನೋವನ್ನೆಲ್ಲ ಬದುಕಿನ ಭಾಗ ಅಂದುಕೊಂಡಿರುತ್ತಾರೆ.

ವಿಮೆ ಕಾರ್ಡು ಕೊಟ್ಟರೆ ಮುಗಿಯಿತು ಅನ್ನುವವರಿಗೆ ನಾನು ಯಾವಾಗಲೂ ಚೀನಾದ ಉದಾಹರಣೆ ಹೇಳುತ್ತೇನೆ. 2008ರಲ್ಲಿ ವ್ಯಾಗ್‌ಸ್ಟಾಫ್ ಮತ್ತು ಮ್ಯಾಗ್ನಸ್ ಲಿಂಡೆಲೋ ಅಲ್ಲಿನ ಸಮೀಕ್ಷೆಗಳನ್ನು ಪರಿಶೀಲಿಸಿದಾಗ, ವಿಮೆ ಇದ್ದವರಿಗೇ ದೊಡ್ಡ ಖರ್ಚು ಬೀಳುವ ಸಾಧ್ಯತೆ ಹೆಚ್ಚಿರುವುದು ಕಂಡಿತು. ವಿಮೆ ಇದೆ ಅಂತ ಜನ ಚಿಕಿತ್ಸೆಗೆ ಹೆಚ್ಚು ಹೋದರು, ಮೇಲಿನ ಹಂತದ ಆಸ್ಪತ್ರೆಗಳಿಗೆ ಹೋದರು. ಅಲ್ಲಿ ಬಿಲ್ಲೂ ಬೆಳೆಯಿತು. ಇಲ್ಲಿ ನಾನು ಸ್ವಲ್ಪ ನಿಧಾನಿಸುತ್ತೇನೆ. ಬಿಲ್ ಏರಿದ್ದರಲ್ಲಿ ಒಂದು ಪಾಲು, ಮೊದಲು ಬಾರದೇ ಉಳಿದವರು ಬಂದಿದ್ದರಿಂದ ಆಗಿದ್ದು. ಅದು ಒಳ್ಳೆಯದೇ. ಆದರೆ ಆಸ್ಪತ್ರೆ ಬೇಕಾದಷ್ಟು ಟೆಸ್ಟು ಬರೆದು ದುಡ್ಡು ಕೀಳುವಂತಿದ್ದರೆ ಕಾರ್ಡು ಬಡವರನ್ನು ಕಾಯುವುದಿಲ್ಲ.

ಥಾಯ್ಲೆಂಡ್ ಬೇರೆ ದಾರಿ ಹಿಡಿಯಿತು. 2001ರಲ್ಲಿ ಶುರುವಾದ ಯೋಜನೆಯಲ್ಲಿ ಒಂದು ಭೇಟಿಗೆ 30 ಬಾತ್ ಮಾತ್ರ. ಅದರ ಜೊತೆಗೇ ಬಡವರನ್ನು ನೋಡಿಕೊಳ್ಳಲು ಆಸ್ಪತ್ರೆಗಳಿಗೆ ಸರ್ಕಾರ ಕೊಡುವ ಹಣವೂ ಏರಿತು. ಮೊದಲು ಬಡವರು ಹೆಚ್ಚಿದ್ದ ಪ್ರಾಂತ್ಯಗಳಲ್ಲಿ ಶಿಶುಮರಣವೂ ಹೆಚ್ಚಿರುತ್ತಿತ್ತು. ಯೋಜನೆ ಬಂದ ಮೇಲೆ ಆ ನಂಟೇ ಅಳಿಸಿಹೋಯಿತು ಅಂತ ಜೊನಾಥನ್ ಗ್ರೂಬರ್, ನಥಾನಿಯಲ್ ಹೆಂಡ್ರೆನ್, ರಾಬರ್ಟ್ ಟೌನ್‌ಸೆಂಡ್ 2014ರಲ್ಲಿ ಬರೆದರು. ರೋಗಿಯ ಕೈಗೆ ರಿಯಾಯಿತಿ, ಆಸ್ಪತ್ರೆಗೆ ಹಣ, ಎರಡೂ ಒಟ್ಟಿಗೆ ಬಂದಿದ್ದವು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಚಿಕಿತ್ಸೆಯ ಖರ್ಚಿನಿಂದ ಸೋತವರು ಇಷ್ಟು ಮಂದಿ ಅಂತ ಯಾವ ಸರ್ಕಾರ ಲೆಕ್ಕ ಕೊಟ್ಟರೂ, ಚಿಕಿತ್ಸೆ ಬೇಕಿದ್ದೂ ಪಡೆಯದವರ ಲೆಕ್ಕವನ್ನು ಅದರ ಪಕ್ಕದಲ್ಲೇ ಕೊಡಬೇಕು. ಎರಡನ್ನೂ ಕಡು ಬಡವರಿಂದ ಶ್ರೀಮಂತರವರೆಗೆ ಐದು ಗುಂಪು ಮಾಡಿ ತೋರಿಸಬೇಕು. ಅದಕ್ಕೆ ಬೇಕಾದ ಲೆಕ್ಕದ ವಿಧಾನ 1991ರಿಂದಲೇ ಇದೆ. ಸಮೀಕ್ಷೆಗೆ ಹೋದವರು ಆಸ್ಪತ್ರೆಗೆ ಎಷ್ಟು ಕೊಟ್ಟಿರಿ ಅಂತ ಕೇಳುವ ಮೊದಲು, ಹೋಗಬೇಕಿದ್ದೂ ಹೋಗದೆ ಉಳಿದದ್ದು ಯಾವಾಗ, ಯಾಕೆ ಅಂತ ಕೇಳಿ ಬರೆದುಕೊಳ್ಳಲಿ.