ಪೌ ಗಸೋಲ್ ಟ್ರೇಡ್: ಮೆಂಫಿಸ್‌ಗೆ ಸಿಕ್ಕಿದ್ದು ಕ್ವಾಮಿ ಬ್ರೌನ್ ಒಬ್ಬರೇ ಅಲ್ಲ

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಯಾವುದೇ ಸೆಂಟರ್ (ಬುಟ್ಟಿಯ ಹತ್ತಿರ ಆಡುವ ಎತ್ತರದ) ಆಟಗಾರನ ಟ್ರೇಡ್, ಅಂದರೆ ತಂಡಗಳ ನಡುವಿನ ಅದಲುಬದಲಿನ, ಮಾತು ಬಂದರೂ ಒಂದು ಸಾಲು ಓಡಾಡುತ್ತದೆ: "2008ರಲ್ಲಿ ಮೆಂಫಿಸ್ ತಂಡ ಪೌ ಗಸೋಲ್‌ರನ್ನು ಕ್ವಾಮಿ ಬ್ರೌನ್‌ಗೋಸ್ಕರ ಲೇಕರ್ಸ್‌ಗೆ ಪುಕ್ಕಟೆ ಕೊಟ್ಟುಬಿಟ್ಟಿತು." ಇದು ಅರ್ಧ ಸತ್ಯ.

ಬ್ರೌನ್ ಜೊತೆ ಜವಾರಿಸ್ ಕ್ರಿಟೆಂಟನ್, ಆರನ್ ಮೆಕಿ, 2008 ಮತ್ತು 2010ರ ಮೊದಲ ಸುತ್ತಿನ ಡ್ರಾಫ್ಟ್ ಆಯ್ಕೆಗಳೂ (ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಅವಕಾಶ) ಮೆಂಫಿಸ್‌ಗೆ ಹೋದವು. ಎಲ್ಲಕ್ಕಿಂತ ಮುಖ್ಯವಾಗಿ, ಪೌ ಅವರ ತಮ್ಮ ಮಾರ್ಕ್ ಗಸೋಲ್‌ರನ್ನು ತಂಡಕ್ಕೆ ಸೇರಿಸಿಕೊಳ್ಳುವ ಹಕ್ಕು. ಮಾರ್ಕ್‌ರನ್ನು ಲೇಕರ್ಸ್ 2007ರ ಡ್ರಾಫ್ಟ್‌ನಲ್ಲಿ 48ನೇ ಆಯ್ಕೆಯಾಗಿ ಹಿಡಿದಿತ್ತು. ಟ್ರೇಡ್ ಆದಾಗ ಅವರು ಸ್ಪೇನ್‌ನಲ್ಲಿ ಆಡುತ್ತಿದ್ದರು, ಹಾಗಾಗಿ ಹೆಚ್ಚಿನವರು ಗಮನಿಸಲೇ ಇಲ್ಲ. ಅದೇ ಮಾರ್ಕ್ 2013ರಲ್ಲಿ ಲೀಗ್‌ನ ಅತ್ಯುತ್ತಮ ರಕ್ಷಣಾ ಆಟಗಾರರಾದರು. ಮೆಂಫಿಸ್ ಆ ವರ್ಷ ಪಶ್ಚಿಮ ವಿಭಾಗದ ಫೈನಲ್‌ವರೆಗೂ ಹೋಯಿತು. ಇದನ್ನು ಪುಕ್ಕಟೆ ಅನ್ನೋದು ಹೇಗೆ?

ಮೆಕಿ ಕಥೆ ಇನ್ನೂ ಮಜಾ. ಆ ಸೀಸನ್‌ನಲ್ಲಿ ಅವರು ಆಡುತ್ತಲೇ ಇರಲಿಲ್ಲ. ಎರಡೂ ಕಡೆಯ ಸಂಬಳದ ಲೆಕ್ಕ ಹೆಚ್ಚುಕಡಿಮೆ ಹೊಂದಬೇಕು ಅನ್ನೋ ನಿಯಮಕ್ಕಾಗಿ ಸುಮ್ನೆ ಒಪ್ಪಂದ ಮಾಡಿಸಿ ಸೇರಿಸಿದರು.

ಹಾಗಂತ ಅಂದು ಬೈದವರೆಲ್ಲ ದಡ್ಡರಲ್ಲ. ಮಾರ್ಕ್ ಇಷ್ಟು ಬೆಳೆಯುತ್ತಾರೆ ಅಂತ ಆಗ ಯಾರಿಗೂ ಖಾತ್ರಿ ಇರಲಿಲ್ಲ. ತಕ್ಷಣದ ಲಾಭ ಆದದ್ದಂತೂ ಲೇಕರ್ಸ್‌ಗೇ: ಪೌ ಜೊತೆಗೆ 2009, 2010ರಲ್ಲಿ ಎರಡು ಲೀಗ್ ಪ್ರಶಸ್ತಿ.